‘ಹಂಗಿದ್ರ ನನ್ನ ನೋಡಾಕ ಯಾಕ ಬರ್ತಿದ್ರು?’

ನನ್ನ ಸಮಾಲೋಚನೆಯ ಕೋಣೆಗೆ ಒಂದೇ ತರದ ಪ್ರಕರಣ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ ಇರುವ ಯಾವುದೋ ಒಂದು ಊರು ಅಂದುಕೊಳ್ಳಿ. ಅಂಥ ಊರುಗಳಿಗೆ ನಮ್ಮಲ್ಲಿ ಬರವಿಲ್ಲ.

ಸೊಸೆಯನ್ನು ಕರೆದುಕೊಂಡು ಬಂದವರು ಅತ್ತೆ. ಲಗ್ನವಾಗಿ ಮೂರು ವರ್ಷ, ಮಕ್ಕಳಾಗಿಲ್ಲ. ಸೊಸೆ ಸರಿಯಾಗಿ ಮಾತಾಡಲ್ಲ, ಊಟ ಬಿಟ್ಟಿದ್ದಾಳೆ ಅನ್ನೋದು ದೂರು. ಕ್ಯಾರಿಬ್ಯಾಗಿನ ತುಂಬ ರಿಪೋರ್ಟುಗಳಿದ್ದವು. ಸ್ಕ್ಯಾನಿಂಗು, ರಕ್ತ ಪರೀಕ್ಷೆ, ಥೈರಾಯ್ಡ್, ಬೆಳಗಾವಿಯದು ಒಂದಿಷ್ಟು, ಹುಬ್ಬಳ್ಳಿಯದು ಒಂದಿಷ್ಟು. ಒಂದೊಂದಾಗಿ ತಿರುವಿ ಹಾಕಿದೆ. ಎಲ್ಲವೂ ಸೊಸೆಯ ಹೆಸರಿನಲ್ಲೇ. ಮಗನ ಹೆಸರಿನ ಒಂದು ಚೀಟಿಯೂ ಇಲ್ಲ. “ನಿಮ್ಮ ಮಗಂದು?” ಅಂದೆ. “ಅವಂಗೇನಾಗೇತ್ರಿ, ಕಲ್ಲಿನಂಗ ಅದಾನ” ಅಂದರು ಅತ್ತೆ.

ಮುಂದಿನ ಸಲ ಮಗನನ್ನು ಒಬ್ಬನನ್ನೇ ಕೂರಿಸಿಕೊಂಡೆ. ಬಹಳ ಹೊತ್ತು ಕಾರ್ಖಾನೆ ವಿಷಯ ಹೇಳಿದ, ಕಬ್ಬಿನ ಬಾಕಿ ಬಿಲ್ಲಿನ ಗಲಾಟೆ ಹೇಳಿದ. ಆಮೇಲೆ ಹೇಳಬೇಕಾದ್ದನ್ನು ಹೇಳಿದ. ಕಾಲೇಜಿನ ದಿನಗಳಿಂದ ಒಬ್ಬ ಗೆಳೆಯನಿದ್ದಾನೆ, ಪ್ರೀತಿ ಅವನ ಮೇಲೆ. ಹೆಂಡತಿಯನ್ನು ಮುಟ್ಟಿಲ್ಲ ಅಂತಲ್ಲ, ಪ್ರಯತ್ನ ಮಾಡಿದ್ದಾನೆ, ಆಗಿಲ್ಲ. ಅವ್ವನಿಗೆ ಅರ್ಧಂಬರ್ಧ ಗೊತ್ತಿತ್ತು. ‘ಲಗ್ನ ಆದ್ರ ಎಲ್ಲಾ ಸರಿ ಹೊಕ್ಕೈತಿ’ ಅಂದಿದ್ದರಂತೆ.

ಈ ಮಾತು ನನ್ನ ಕೋಣೆಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಕುಡಿಯುವವನಿಗೂ ಇದೇ ಔಷಧಿ, ಕೆಲಸ ಮಾಡದವನಿಗೂ ಇದೇ, ಮಾನಸಿಕ ಕಾಯಿಲೆ ಇದ್ದವನಿಗೂ ಇದೇ. ಔಷಧಿ ಅಂದರೆ ಯಾರದೋ ಮನೆಯ ಮಗಳು!

ಮಗನನ್ನು ‘ಸರಿ ಮಾಡಿಕೊಡಿ’ ಅಂತ ಅತ್ತೆ ಕೇಳಿದರು. ಆಗಲ್ಲ ಅಂದೆ. ಸಲಿಂಗಿಯಾಗಿರುವುದು ಕಾಯಿಲೆ ಅಲ್ಲ ಅಂತ ನಮ್ಮ ದೇಶದ ಮನೋವೈದ್ಯರ ಸಂಘವೇ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ. ಹಾಗಿದ್ದೂ ಕರೆಂಟ್ ಕೊಡುವವರು, ಇಂಜೆಕ್ಷನ್ ಕೊಡುವವರು, ತಾಯತ ಕಟ್ಟುವವರು ಇದ್ದೇ ಇದ್ದಾರೆ. ದಯವಿಟ್ಟು ಅವರ ಹತ್ತಿರ ಹೋಗಬೇಡಿ.

ಮಗನಿಗೆ ಹೇಳಿದ್ದು ಇಷ್ಟು: ನಿಮ್ಮ ವಿಷಯ ನಿಮ್ಮ ಹೆಂಡತಿಗೆ ನಾನು ಹೇಳಲ್ಲ, ಅದು ನಿಮ್ಮದು. ಆದರೆ ನೀವು ಹೇಳದೆ ನಾನು ಆಕೆಯನ್ನು ಕೂರಿಸಿಕೊಂಡು ‘ಗಂಡನಿಗೆ ಹೊಂದಿಕೊಂಡು ಹೋಗಮ್ಮ’ ಅಂತ ಬುದ್ಧಿ ಹೇಳಲ್ಲ. ಟೆಸ್ಟ್ ಟ್ಯೂಬ್ ಮಗುವಿನ ಖರ್ಚಿಗೆ ಹೊಲ ಒತ್ತೆ ಇಡುವ ಮಾತು ನಡೆದಿತ್ತು, ಅದನ್ನೂ ನಿಲ್ಲಿಸಿ ಅಂದೆ.

ಆತ ಹೇಳಿದ್ದು ನನ್ನೆದುರಿಗೇ. ತಲೆ ತಗ್ಗಿಸಿ, ನೆಲ ನೋಡುತ್ತ, ನಾಲ್ಕೇ ಮಾತಿನಲ್ಲಿ. ನಾನು ಅಳು ಬರುತ್ತೆ ಅಂದುಕೊಂಡು ಟಿಶ್ಯೂ ಡಬ್ಬಿ ಹತ್ತಿರ ಸರಿಸಿದೆ. ಆಕೆ ಅಳಲಿಲ್ಲ. ಮೊದಲು ಕೇಳಿದ್ದು, “ಶನಿವಾರ ಶನಿವಾರ ಬರ್ತಿದ್ರಲ್ಲ, ಅವರೇನ್ರಿ?” ಆತ ಹೂಂ ಅಂದ. “ಅವರಿಗೆ ನಾನ ರೊಟ್ಟಿ ಬಡದು ಹಾಕೀನಿ. ವೈನಿ ವೈನಿ ಅಂತ ಬಾಯ್ತುಂಬಾ ಕರೀತಿದ್ರು. ಶೇಂಗಾ ಹಿಂಡಿ ಕಟ್ಟಿ ಕೊಟ್ಟ ಕಳಿಸೀನಿ.” ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದಳು. “ಮೇಡಂ, ಗಂಡಸ್ರು ಗಂಡಸ್ರು ಲಗ್ನಾ ಮಾಡ್ಕೋಬೇಕಂತ ಕೋರ್ಟಿಗೆ ಹೋಗಿದ್ರಂತಲ್ಲ, ಟೀವ್ಯಾಗ ಬಂದಿತ್ತು. ಅದೇನಾತ್ರಿ?”

ಆಗಲಿಲ್ಲ ಅಂದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅಂಥ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಿತು. ಮತ್ತೆ ಪರಿಶೀಲಿಸಿ ಅಂತ ಹಾಕಿದ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ ತೀರ್ಪಿನಿಂದ ಜೈಲಿನ ಹೆದರಿಕೆ ಹೋಗಿದೆ, ಅಷ್ಟೇ.

“ಆಗಿದ್ರ ಚೊಲೋ ಇತ್ರಿ” ಅಂದಳು. “ಇವರು ಅವರನ್ನ ಲಗ್ನಾ ಆಗಿರ್ತಿದ್ರು. ಹಂಗಿದ್ರ ನನ್ನ ನೋಡಾಕ ಯಾಕ ಬರ್ತಿದ್ರು?”

ಸಲಿಂಗಿಗಳ ಮದುವೆ ಕಾನೂನಾದರೆ ಸಾಮಾನ್ಯ ಜನರ ಬದುಕಿನ ಮೇಲೆ ಏನು ಪರಿಣಾಮ ಅಂತ ಕಾಲೇಜುಗಳಲ್ಲಿ ಮಾತಾಡಲು ಹೋದಾಗ ಕೇಳುತ್ತಾರೆ. ಕೇಳುವ ಧಾಟಿಯಲ್ಲೇ ಉತ್ತರ ಇರುತ್ತದೆ: ಅದು ಬೆಂಗಳೂರು, ಹೈದರಾಬಾದಿನ ಇಂಗ್ಲಿಷ್ ಮಂದಿಯ ವಿಷಯ, ನಮ್ಮ ಜೋಳದ ಸೀಮೆಗೂ ಅದಕ್ಕೂ ಏನು ಸಂಬಂಧ? ಸಂಬಂಧ ಇದೇ. ಒಂಬತ್ತನೇ ತಿಂಗಳ ಬಸಿರಿನಂತೆ ಮುಚ್ಚಿಡಲಾಗದ ವಿಷಯವನ್ನು ಮುಚ್ಚಿಡಲು ಹೋದಾಗ ಅದರ ಭಾರ ಬೀಳುವುದು ಒಬ್ಬ ಹೆಣ್ಣುಮಗಳ ಮೇಲೆ. ಆಕೆ ಸಲಿಂಗಿ ಅಲ್ಲ. ಆಕೆಯ ಅಪ್ಪ ಸಾಲ ಮಾಡಿ ಲಗ್ನ ಮಾಡಿಕೊಟ್ಟ ಸಾಮಾನ್ಯ ಮನುಷ್ಯ.

ಕಾನೂನು ಬಂದ ಮರುದಿನವೇ ನಮ್ಮ ಊರಿನ ಅವ್ವಂದಿರು ಆರತಿ ತಟ್ಟೆ ಹಿಡಿದು ನಿಲ್ಲುತ್ತಾರೆ ಅಂತ ನಾನು ನಂಬಿಲ್ಲ. ವಿಶೇಷ ವಿವಾಹ ಕಾಯ್ದೆ 1954ರಿಂದ ಇದೆ. ಜಾತಿ ಬಿಟ್ಟು ಲಗ್ನವಾದವರು ಇವತ್ತಿಗೂ ಹೆದರಿಕೊಂಡೇ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತಾರೆ. ಆದರೂ ಹೋಗಲು ಒಂದು ಆಫೀಸು ಇದೆ ಅಲ್ವಾ? ಜಗಳ ಆದಾಗ ತೋರಿಸಲು ಒಂದು ಕಾಗದ ಇದೆ. ಈ ಹುಡುಗನಿಗೆ ಅವ್ವನ ಮುಂದೆ ಇಡಲು ಅಂಥದ್ದೇನೂ ಇರಲಿಲ್ಲ. ‘ಹಿಂಗ ಎಷ್ಟ್ ದಿನಾ ಇರ್ತಿ, ಮುಪ್ಪಿನಾಗ ಯಾರ್ ನೋಡ್ತಾರ’ ಅಂತ ಆಕೆ ಕೇಳಿದರೆ ಉತ್ತರ ಇರಲಿಲ್ಲ. ನೆದರ್ಲೆಂಡ್ಸ್ 2001ರಲ್ಲೇ ಒಪ್ಪಿತು, ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ. ಅಲ್ಲೆಲ್ಲ ಗಂಡು ಹೆಣ್ಣಿನ ಲಗ್ನಗಳೇನೂ ನಿಂತುಹೋಗಿಲ್ಲ.

ಆಕೆಗೆ ಕೊಟ್ಟ ಸಲಹೆ ಬೇರ್ಪಡಿ ಅನ್ನೋದು. ಇದಕ್ಕೆ ‘ಮನೆ ಮುರುಕಿ’ ಅಂತ ಅನ್ನಿಸಿಕೊಂಡಿದ್ದೇನೆ, ಅನ್ನಲಿ. ಮೂರು ವರ್ಷದಿಂದ ತನ್ನಲ್ಲೇ ಏನೋ ಐಬಿದೆ ಅಂದುಕೊಂಡು ಊಟ ಬಿಟ್ಟವಳನ್ನು ಅದೇ ಮನೆಯಲ್ಲಿ ಉಳಿಸುವುದು ಯಾವ ಸೀಮೆ ಸಂಸಾರ ಉಳಿಸಿದಂತೆ? ಮೋಸದಿಂದ ಒಪ್ಪಿಗೆ ಪಡೆದ ಲಗ್ನವನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ ದಾರಿ ಇದೆ. ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಅಲ್ಲಿ ಎಲ್ಲವನ್ನೂ ಬಿಚ್ಚಿ ಸಾಬೀತು ಮಾಡಬೇಕು. ಆಕೆಗೆ ಅದು ಬೇಡವಾಗಿತ್ತು. “ಅವರ ಮಾನಾ ತಗದು ನನಗೇನ್ ಬರೋದೈತ್ರಿ” ಅಂದಳು. ಅದೇ ಕಾಯ್ದೆಯ 13ಬಿ ಕಲಮಿನ ಪ್ರಕಾರ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಅದಕ್ಕೂ ಮೊದಲು ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯುವುದನ್ನು ಕೋರ್ಟು ಮಾಫಿ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ಬಂಗಾರ, ಪಾತ್ರೆ ಪಗಡೆ, ಹೊಲಿಗೆ ಮಷೀನು ಎಲ್ಲ ಆಕೆಯ ಜೊತೆ ಹೋಗಬೇಕು, ಪಟ್ಟಿ ಮಾಡಿ, ಸಹಿ ಹಾಕಿ. ‘ಮಕ್ಕಳಾಗಲಿಲ್ಲ ಅಂತ ಬಿಟ್ಟರು’ ಎಂದು ಊರಲ್ಲಿ ಸುದ್ದಿ ಹಬ್ಬಿಸುವಂತಿಲ್ಲ, ದೋಷ ಆಕೆಯದಲ್ಲ ಅಂತ ಅತ್ತೆಯೇ ಬೀಗರ ಮನೆಗೆ ಹೋಗಿ ಹೇಳಬೇಕು. ಅತ್ತೆ ಹೋಗಿ ಹೇಳಿದರು. ಹೇಗೆ ಹೇಳಿದರೋ ಗೊತ್ತಿಲ್ಲ, ಹೇಳಿದ್ದನ್ನು ಆಕೆಯ ಅಪ್ಪ ಫೋನ್ ಮಾಡಿ ತಿಳಿಸಿದರು.

ಆತನಿಗೆ ಕೊಟ್ಟದ್ದು ಒಣ ಸಲಹೆ. ಗೆಳೆಯನ ಜೊತೆ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಅವನನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ತಿಳಿಸಿದೆ. ಆದರೆ ನಾಮಿನಿ ಅಂದರೆ ವಾರಸುದಾರ ಅಲ್ಲ. ಉಯಿಲು ಬರೆಯದೆ ಸತ್ತರೆ ಗೆಳೆಯನಿಗೆ ಒಂದು ಪೈಸೆ ಹಕ್ಕಿಲ್ಲ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಉಯಿಲು ಬರೆಯಿರಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿದರೆ ಇನ್ನೂ ಒಳ್ಳೆಯದು ಅಂದೆ. ಲಗ್ನದ ಒಂದು ಕಾಗದದಿಂದ ತಾನಾಗಿ ಸಿಗುವುದನ್ನು ಇವರು ಹೀಗೆ ಚೂರು ಚೂರು ಕೂಡಿಸಬೇಕು. ಕೂಡಿಸಿದರೂ ಪೂರ್ತಿ ಆಗಲ್ಲ.

ಆಕೆ ಈಗ ತವರಿನಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮತ್ತೊಂದು ಸಂಬಂಧದ ಮಾತು ಬಂದಿದೆಯಂತೆ, ಇನ್ನೂ ಒಪ್ಪಿಲ್ಲ.

ಮೊನ್ನೆ ಅತ್ತೆ ಒಬ್ಬರೇ ಬಂದಿದ್ದರು. ಸಣ್ಣ ಮಗನಿಗೆ ಕನ್ಯಾ ನೋಡಾಕ ಹೊಂಟೀವಿ ಅಂದರು. “ಅವನ್ನೂ ಒಮ್ಮೆ ನಿಮ್ಮ ಕಡೆ ಕರ್ಕೊಂಡ್ ಬರ್ಲೇನ್ರಿ, ಚೆಕ್ ಮಾಡ್ತೀರೇನು?” ಚೆಕ್ ಮಾಡುವ ಮಷೀನು ನನ್ನ ಹತ್ತಿರ ಇಲ್ಲ ಅಂದೆ. ಲಗ್ನ ಬೇಕಾ ಬೇಡವಾ, ಯಾರ ಜೊತೆ ಬೇಕು ಅಂತ ನೀವೇ ಕೇಳಿ, ಯಾರೂ ಇಲ್ಲದಾಗ ಕೇಳಿ, ಏನು ಹೇಳಿದರೂ ಬೈಯಲ್ಲ ಅಂತ ಮೊದಲೇ ಹೇಳಿ ಕೇಳಿ ಅಂದೆ. “ಹಂಗ್ಯಾಂಗ್ ಕೇಳೂದ್ರಿ?” ಅಂದರು. ಅದನ್ನೇ ಇಬ್ಬರೂ ಕೂತು ಒಂದು ತಾಸು ರೂಢಿ ಮಾಡಿದೆವು. ನಾನು ಮಗ, ಅವರು ಅವ್ವ.