ಪೋರ್ಚುಗಲ್‌ಗೆ ಹೋದರೆ ಲಿಸ್ಬನ್ ಬಿಟ್ಟು ಯಾವ ಹಳೇ ಊರುಗಳನ್ನು ನೋಡಬೇಕು?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು. ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ಹತ್ತು ದಿನ ಪೋರ್ಚುಗಲ್‌ಗೆ ಹೊರಟಿದ್ದೀರಿ. ಹತ್ತೂ ದಿನ ಲಿಸ್ಬನ್‌ನಲ್ಲೇ ರೂಮ್ ಮಾಡಿಕೊಂಡು, ಅಲ್ಲಿಂದಲೇ ಬೆಳಿಗ್ಗೆ ಹೋಗಿ ಸಂಜೆ ಬನ್ನಿ ಎಂದು ಟೂರ್ ಮಾಡಿಸುವವರು ಹೇಳಿದ್ದಾರೆ. ಎವೊರಾ, ತೊಮಾರ್, ಕೊಯಿಂಬ್ರಾ, ಗಿಮರಾಯ್ಶ್ ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ, ರಾತ್ರಿ ಉಳಿಯುವಷ್ಟು ಅಲ್ಲೇನಿದೆ ಎಂದು ಕೇಳಿದ್ದೀರಿ.

ಮೊದಲ ಮೂರು ಊರಿಗೆ ಹೋಗಿ. ಮೂರರಲ್ಲೂ ರಾತ್ರಿ ಉಳಿಯಿರಿ. ಗಿಮರಾಯ್ಶ್ ಈ ಸಲ ಬಿಡಿ. ಕೆಲಸದ ಮೇಲೆ ಲಿಸ್ಬನ್‌ನಲ್ಲಿದ್ದಾಗ ರಜೆ ಸಿಕ್ಕಾಗೆಲ್ಲ ಈ ಊರುಗಳಿಗೆ ಹೋಗುತ್ತಿದ್ದೆ. ಒಮ್ಮೆ ಮಂಡಿನೋವಿನ ಅಮ್ಮನನ್ನೂ ಕರೆದುಕೊಂಡು ಸುತ್ತಿದ್ದೇನೆ. ಹಾಗಾಗಿ ಹಿರಿಯರ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ.

ಲಿಸ್ಬನ್ ಚಂದದ ಊರು, ಅದರಲ್ಲಿ ತಕರಾರಿಲ್ಲ. ಆದರೆ ಅದರ ನಡುಭಾಗ ನಾವು ಅಂದುಕೊಂಡಷ್ಟು ಹಳೆಯದಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ, ಸರ್ವ ಸಂತರ ಹಬ್ಬದ ದಿನ, ಜನ ಚರ್ಚ್‌ಗಳಲ್ಲಿ ತುಂಬಿದ್ದಾಗ ಭೂಕಂಪವಾಯಿತು. ಹಿಂದೆಯೇ ನದಿ ಕಡೆಯಿಂದ ಸುನಾಮಿ ನುಗ್ಗಿತು. ಉರಿಯುತ್ತಿದ್ದ ಮೇಣದಬತ್ತಿ, ಒಲೆಗಳಿಂದ ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಆರಲಿಲ್ಲ. ಅರಮನೆ, ಅದರೊಳಗಿನ ಗ್ರಂಥಾಲಯ, ಅದೇ ವರ್ಷ ತೆರೆದಿದ್ದ ಒಪೆರಾ ಮಂದಿರ ಎಲ್ಲ ಹೋಯಿತು. ಆಮೇಲೆ ಮಂತ್ರಿ ಪೊಂಬಾಲ್ ಊರಿನ ನಡುಭಾಗವನ್ನು ಗೆರೆ ಎಳೆದ ಹಾಗೆ ನೇರ ಬೀದಿಗಳಲ್ಲಿ ಹೊಸದಾಗಿ ಕಟ್ಟಿಸಿದ. ನೀವು ಈಗ ಓಡಾಡುವ ಬೈಶಾ ಅದೇ. ಹಳೆಯದರಲ್ಲಿ ಅಲ್ಫಾಮಾದ ಗಲ್ಲಿಗಳು, ಬೆಲೆಮ್ ಕಡೆಯ ಮಠ ಮತ್ತು ಗೋಪುರ ಉಳಿದವು. ಕಾರ್ಮೊ ಚರ್ಚ್ ಇವತ್ತಿಗೂ ಚಾವಣಿ ಇಲ್ಲದೆ ನಿಂತಿದೆ, ಅದನ್ನಂತೂ ತಪ್ಪದೆ ನೋಡಿ.

ಅದಕ್ಕಿಂತ ಹಿಂದಿನ ಪೋರ್ಚುಗಲ್ ನೋಡಬೇಕು ಅಂದರೆ ಒಳನಾಡಿಗೇ ಹೋಗಬೇಕು. ಇದು ರುಚಿಯ ಪ್ರಶ್ನೆ ಅಲ್ಲ, ಲಿಸ್ಬನ್‌ನಲ್ಲಿ ಅದು ಹೆಚ್ಚು ಉಳಿದಿಲ್ಲ ಅಷ್ಟೇ.

ಎವೊರಾದಿಂದ ಶುರು ಮಾಡಿ. ಲಿಸ್ಬನ್‌ನಿಂದ ಬಸ್ಸಲ್ಲಾಗಲಿ ರೈಲಲ್ಲಾಗಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ರೈಲು ದಿನಕ್ಕೆ ಕೆಲವೇ ಇವೆ. ಸೆಟೆ ರಿಯೋಸ್ ನಿಲ್ದಾಣದಿಂದ ಬಸ್ಸು ಜಾಸ್ತಿ. ಕೋಟೆಗೋಡೆಯ ಒಳಗಿನ ಪುಟ್ಟ ಊರು, ನಡೆದೇ ಸುತ್ತಬಹುದು. ಊರಿನ ನೆತ್ತಿಯ ಮೇಲೆ ಮೊದಲ ಶತಮಾನದ ರೋಮನ್ ದೇವಾಲಯ ಇದೆ. ಗ್ರಾನೈಟ್ ಕಂಬ, ಅಮೃತಶಿಲೆಯ ಬೋದಿಗೆ. ಡಯಾನಾ ದೇವಾಲಯ ಅಂತ ಕರೆಯುತ್ತಾರೆ, ಆದರೆ ಇದು ರೋಮನ್ ಚಕ್ರವರ್ತಿಯ ಪೂಜೆಗೆ ಕಟ್ಟಿದ್ದು ಎನ್ನುವುದು ವಿದ್ವಾಂಸರ ಅಭಿಪ್ರಾಯ. ಇದು ಉಳಿದ ಕಥೆ ಮಜವಾಗಿದೆ. ಕಂಬಗಳ ನಡುವೆ ಗೋಡೆ ಕಟ್ಟಿ ಒಳಗೆ ಮಾಂಸದ ಅಂಗಡಿ ನಡೆಸುತ್ತಿದ್ದರು, 1836ರವರೆಗೂ. ಹಾಗೆ ಬಳಕೆಯಲ್ಲಿ ಇದ್ದದ್ದರಿಂದಲೇ ಯಾರೂ ಕಲ್ಲು ಕಿತ್ತುಕೊಂಡು ಹೋಗಲಿಲ್ಲ. ಪಕ್ಕದಲ್ಲೇ 1186ರಲ್ಲಿ ಶುರುವಾದ ದೊಡ್ಡ ಚರ್ಚ್ ಇದೆ. ಅದರ ಮಾಳಿಗೆ ಹತ್ತಲು ಬಿಡುತ್ತಾರೆ. ಸುತ್ತಲಿನ ಬಯಲು ಪೂರ್ತಿ ಕಾಣುತ್ತದೆ.

ಎಲ್ಲರೂ ಎವೊರಾಗೆ ಹೋಗುವುದು ಮೂಳೆಗಳ ಗುಡಿ ನೋಡಲು. ಸಾವೊ ಫ್ರಾನ್ಸಿಸ್ಕೊ ಚರ್ಚ್‌ನ ಒಳಗೆ, ಗೋಡೆ ಕಂಬ ಎಲ್ಲ ಮನುಷ್ಯರ ಮೂಳೆ, ತಲೆಬುರುಡೆ. ಸಮಾಧಿಗಳಿಗೆ ಜಾಗ ಸಾಲದೆ ಹಳೆಯ ಮೂಳೆಗಳನ್ನು ತೆಗೆದು ಫ್ರಾನ್ಸಿಸ್ಕನ್ ಸನ್ಯಾಸಿಗಳು ಹೀಗೆ ಜೋಡಿಸಿದರು. ‘ಇಲ್ಲಿರುವ ಮೂಳೆಗಳಾದ ನಾವು ನಿಮ್ಮವಕ್ಕಾಗಿ ಕಾಯುತ್ತಿದ್ದೇವೆ’ ಎಂದು ಬಾಗಿಲ ಮೇಲೆ ಕೆತ್ತಿದ್ದಾರೆ. ನನ್ನಮ್ಮ ಬಾಗಿಲವರೆಗೆ ಬಂದು, ‘ನೀನು ನೋಡ್ಕೊಂಡು ಬಾ, ನಾನು ಹೊರಗೆ ಕೂತಿರ್ತೀನಿ’ ಅಂದರು. ನಿಮ್ಮ ಅಪ್ಪ ಅಮ್ಮನಿಗೆ ಒಳಗೇನಿದೆ ಅಂತ ಮೊದಲೇ ಹೇಳಿಬಿಡಿ.

ನನಗೆ ಅದಕ್ಕಿಂತ ಹಿಡಿಸಿದ್ದು ನೀರಿನ ಕಾಲುವೆ. 1537ರಲ್ಲಿ ಮುಗಿದದ್ದು, ಎತ್ತರದ ಕಮಾನುಗಳ ಮೇಲೆ ಹೊರಗಿನಿಂದ ಊರಿಗೆ ನೀರು ತರುತ್ತಿತ್ತು. ರುವಾ ದೊ ಕಾನೊ ಎಂಬ ಬೀದಿಯಲ್ಲಿ ಆ ಕಮಾನುಗಳ ಸಂದಿಯಲ್ಲೇ ಜನ ಮನೆ ಕಟ್ಟಿಕೊಂಡಿದ್ದಾರೆ. ಕಮಾನಿನ ಕೆಳಗೆ ಬಾಗಿಲು, ಕಿಟಕಿ, ಹೂಕುಂಡ. ಸಂಜೆ ಬಿಸಿಲು ಇಳಿದ ಮೇಲೆ ಇಲ್ಲಿ ನಡೆಯಬೇಕು. ಆ ಹೊತ್ತಿಗೆ ಒಂದು ದಿನದ ಟೂರಿನವರು ವಾಪಸ್ ಬಸ್ ಹತ್ತಿರುತ್ತಾರೆ. ರಾತ್ರಿ ಉಳಿಯಿರಿ ಎಂದು ನಾನು ಹಟ ಮಾಡುವುದು ಇದಕ್ಕೇ.

ಇನ್ನು ತೊಮಾರ್. ನನ್ನ ಮಟ್ಟಿಗೆ ಪೋರ್ಚುಗಲ್‌ನಲ್ಲಿ ಇದಕ್ಕಿಂತ ನೋಡಬೇಕಾದ ಊರಿಲ್ಲ, ಆದರೂ ಹೆಸರು ಕೇಳಿದವರೇ ಕಡಿಮೆ. ಲಿಸ್ಬನ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಅದು ಕೊನೇ ಸ್ಟೇಷನ್, ಊರು ದಾಟಿ ಹೋಗುವ ಭಯವೂ ಇಲ್ಲ.

ಇಲ್ಲಿನ ಗುಡ್ಡದ ಮೇಲೆ 1160ರಲ್ಲಿ ಟೆಂಪ್ಲರ್ ಯೋಧ ಸನ್ಯಾಸಿಗಳು ಕೋಟೆ ಕಟ್ಟಿದರು. 1312ರಲ್ಲಿ ಪೋಪ್ ಆ ಪಂಗಡವನ್ನೇ ರದ್ದು ಮಾಡಿದರು. ಬೇರೆ ದೇಶಗಳಲ್ಲಿ ಅವರ ಆಸ್ತಿ ಕೈ ಬದಲಾಯಿತು. ಪೋರ್ಚುಗಲ್ ರಾಜ ದಿನಿಶ್ ಜಾಣ. 1319ರಲ್ಲಿ ‘ಕ್ರಿಸ್ತನ ಪಂಗಡ’ ಎಂಬ ಹೊಸ ಸಂಘ ಮಾಡಿಸಿ, ಟೆಂಪ್ಲರ್‌ಗಳ ಆಸ್ತಿಯನ್ನು ಅದಕ್ಕೇ ಕೊಡಿಸಿದ. ಹೆಸರು ಬದಲಾಯಿತು, ಹಣ ದೇಶದಲ್ಲೇ ಉಳಿಯಿತು. ಮುಂದೆ 1420ರಲ್ಲಿ ಆ ಸಂಘದ ಮುಖ್ಯಸ್ಥನಾಗಿ ಬಂದವನು ರಾಜಕುಮಾರ ಹೆನ್ರಿ. ಆಫ್ರಿಕಾದ ಕರಾವಳಿ ಹಿಡಿದು ಹಡಗುಗಳನ್ನು ಕಳಿಸಿದವನು ಇವನೇ. ಆ ಖರ್ಚಿಗೆ ಈ ಸಂಘದ ಹಣವೂ ಹೋಯಿತು. ಪೋರ್ಚುಗೀಸ್ ಹಡಗಿನ ಹಾಯಿಯ ಮೇಲಿನ ಕೆಂಪು ಶಿಲುಬೆ ಇದೆಯಲ್ಲ, ಅದು ಇದೇ ಸಂಘದ ಗುರುತು. 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು, ಆಮೇಲೆ ಉಳ್ಳಾಲದ ಅಬ್ಬಕ್ಕ ಎದುರಿಸಿದ್ದು ಇದೇ ರಾಜ್ಯದ ಹಡಗುಗಳನ್ನು. ಹಾಗಾಗಿ ಈ ಗುಡ್ಡದ ಮೇಲೆ ನಿಂತಾಗ ನಮಗೆ ಬೇರೆಯವರಿಗಿಂತ ಸ್ವಲ್ಪ ಬೇರೆಯೇ ಅನ್ನಿಸುತ್ತದೆ. ಮೆಚ್ಚುಗೆಯೂ ಇರುತ್ತದೆ, ಸಿಟ್ಟೂ ಇರುತ್ತದೆ.

ಒಳಗೆ ಟೆಂಪ್ಲರ್‌ಗಳ ದುಂಡು ಚರ್ಚ್ ಇದೆ, ಶರೋಲಾ ಅನ್ನುತ್ತಾರೆ. ನಡುವೆ ಎಂಟು ಮೂಲೆಯ ಮಂಟಪ, ಸುತ್ತ ಹದಿನಾರು ಮೂಲೆಯ ಗೋಡೆ. ಯೋಧರು ಕುದುರೆ ಮೇಲೆ ಕೂತೇ ಇದನ್ನು ಸುತ್ತುತ್ತಾ ಪೂಜೆ ಕೇಳುತ್ತಿದ್ದರಂತೆ. ಇದು ಬರೀ ಕಥೆ ಇರಬೇಕು, ಆದರೆ ಒಳಗೆ ನಿಂತಾಗ ನಂಬುವ ಆಸೆ ಆಗುತ್ತದೆ. ಆಮೇಲೆ ಬಂದ ರಾಜರು ಇದಕ್ಕೆ ಸೇರಿಸುತ್ತಾ ಹೋದರು. ನಮ್ಮ ತೊಟ್ಟಿಮನೆಯ ಹಾಗೆ ನಡುವೆ ಆಕಾಶ, ಸುತ್ತ ಜಗಲಿ, ಅಂಥ ಅಂಗಳಗಳು ಒಂದಾದ ಮೇಲೊಂದು ಬರುತ್ತವೆ. ದಾರಿ ತಪ್ಪುವುದು ಖಂಡಿತ. ಅವಸರ ಬೇಡ, ಅರ್ಧ ದಿನ ಇಟ್ಟುಕೊಳ್ಳಿ.

ಅಲ್ಲಿಯ ಒಂದು ಕಿಟಕಿ ತುಂಬ ಪ್ರಸಿದ್ಧ. 1510ರ ಆಸುಪಾಸಿನಲ್ಲಿ ದಿಯೋಗು ದೆ ಅರ್ರುಡಾ ಕೆತ್ತಿಸಿದ್ದು. ಹಡಗಿನ ಹಗ್ಗ, ಸರಪಳಿ, ಹವಳ, ಕಡಲ ಪಾಚಿ ಎಲ್ಲ ಕಲ್ಲಿನಲ್ಲಿ ಸುತ್ತಿಕೊಂಡಿವೆ. ಕೆಳಗೆ ಒಬ್ಬ ಮನುಷ್ಯ ಮರದ ಬೇರನ್ನು ಹೊತ್ತುಕೊಂಡಿದ್ದಾನೆ. ಪುಟ್ಟ ಸಾಂತಾ ಬಾರ್ಬರಾ ಅಂಗಳದಿಂದ ನೋಡಿದರೆ ಸರಿಯಾಗಿ ಕಾಣುತ್ತದೆ. ಲಿಸ್ಬನ್‌ನಲ್ಲಿ ನೀವು ನೋಡುವ ಬೆಲೆಮ್ ಗೋಪುರ ಕಟ್ಟಿದ ಫ್ರಾನ್ಸಿಸ್ಕೊ ಇವನ ತಮ್ಮ. ಎವೊರಾದ ಕಾಲುವೆ ಕಟ್ಟಿಸಿದವನೂ ಅದೇ ಫ್ರಾನ್ಸಿಸ್ಕೊ.

ಕೆಳಗೆ ಊರಲ್ಲಿ ಹದಿನೈದನೇ ಶತಮಾನದ ಯಹೂದಿ ಪ್ರಾರ್ಥನಾ ಮಂದಿರ ಇದೆ. ಒಂದೇ ಕೋಣೆ, ನಾಲ್ಕು ಕಂಬ. ದನಿ ಚೆನ್ನಾಗಿ ತುಂಬಲಿ ಅಂತ ಗೋಡೆಯ ಮೂಲೆಗಳಲ್ಲಿ ಮಣ್ಣಿನ ಮಡಿಕೆಗಳನ್ನು ಹುದುಗಿಸಿದ್ದಾರೆ. 1496ರಲ್ಲಿ ರಾಜ ಮನುವೆಲ್ ಮತ ಬದಲಿಸಿ ಇಲ್ಲವೇ ದೇಶ ಬಿಡಿ ಎಂದು ಆಜ್ಞೆ ಮಾಡಿದ ಮೇಲೆ ಅದು ಜೈಲಾಯಿತು, ಮತ್ತೆ ಉಗ್ರಾಣವಾಯಿತು. 1923ರಲ್ಲಿ ಸ್ಯಾಮುವೆಲ್ ಶ್ವಾರ್ಟ್ಜ್ ಎಂಬ ಪೋಲೆಂಡ್ ಮೂಲದ ಗಣಿ ಎಂಜಿನಿಯರ್ ಅದನ್ನು ಕೊಂಡು, ಮುಂದೆ ಮ್ಯೂಸಿಯಂಗಾಗಿ ಸರ್ಕಾರಕ್ಕೆ ಕೊಟ್ಟರು.

ಕೊಯಿಂಬ್ರಾಗೆ ತೊಮಾರ್‌ನಿಂದ ರೈಲು, ನಡುವೆ ಒಮ್ಮೆ ಬದಲಿಸಬೇಕು. ಇಳಿಯುವುದು ಕೊಯಿಂಬ್ರಾ-ಬಿ ಸ್ಟೇಷನ್‌ನಲ್ಲಿ, ಅದು ಊರಿನಿಂದ ಸ್ವಲ್ಪ ಆಚೆ. ಲಿಸ್ಬನ್‌ಗಿಂತ ಮುಂಚೆ ಇದೇ ರಾಜಧಾನಿ. ಮೊದಲ ಇಬ್ಬರು ರಾಜರ ಸಮಾಧಿ ಇಲ್ಲಿನ ಸಾಂತಾ ಕ್ರೂಜ್ ಚರ್ಚ್‌ನಲ್ಲಿದೆ. 1290ರಲ್ಲಿ ಶುರುವಾದ ವಿಶ್ವವಿದ್ಯಾಲಯ ಲಿಸ್ಬನ್ನಿಗೂ ಇಲ್ಲಿಗೂ ಓಡಾಡಿ, 1537ರಲ್ಲಿ ಇಲ್ಲೇ ನೆಲೆಯಾಯಿತು. ವಿದ್ಯಾರ್ಥಿಗಳು ಈಗಲೂ ಕೆಲವೊಮ್ಮೆ ಕಪ್ಪು ಮೇಲಂಗಿ ಹೊದ್ದು ಓಡಾಡುತ್ತಾರೆ. ಜೊವಾನಿನಾ ಗ್ರಂಥಾಲಯಕ್ಕೆ ಹೊತ್ತು ಗೊತ್ತುಮಾಡಿದ ಟಿಕೆಟ್, ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಅಲ್ಲಿ ಪುಸ್ತಕ ತಿನ್ನುವ ಹುಳ ಹಿಡಿಯಲು ಬಾವಲಿಗಳಿವೆ! ರಾತ್ರಿ ಅವು ಹಾರಾಡುತ್ತವೆ ಅಂತ ಮೇಜುಗಳಿಗೆ ಚರ್ಮ ಹೊದಿಸಿ ಹೋಗುತ್ತಾರೆ.

ಆದರೆ ಊರು ಪೂರ್ತಿ ಏರು, ಮೆಟ್ಟಿಲು. ನಾವು ಟ್ಯಾಕ್ಸಿಯಲ್ಲಿ ವಿಶ್ವವಿದ್ಯಾಲಯದವರೆಗೆ ಹೋಗಿ, ನಿಧಾನಕ್ಕೆ ನಡೆದು ಕೆಳಗಿಳಿದೆವು. ನೀವೂ ಹಾಗೇ ಮಾಡಿ. ನದಿಯ ಆಚೆ ದಡದಲ್ಲಿ ಸಾಂತಾ ಕ್ಲಾರಾದ ಹಳೇ ಮಠ ಇದೆ, ಅಲ್ಲಿ ಜನ ಕಡಿಮೆ. ಮೊಂಡೆಗೊ ನದಿ ಮತ್ತೆ ಮತ್ತೆ ಉಕ್ಕಿ ಒಳಗೆ ಬರುತ್ತಿತ್ತು. ಸನ್ಯಾಸಿನಿಯರು ನೆಲ ಎತ್ತರಿಸಿಕೊಂಡು ತಡೆದರು, ಕೊನೆಗೆ 1677ರಲ್ಲಿ ಗುಡ್ಡದ ಮೇಲಿನ ಹೊಸ ಮಠಕ್ಕೆ ಹೊರಟುಹೋದರು. ಶತಮಾನಗಳ ಕಾಲ ಕೆಸರಲ್ಲಿ ಮುಳುಗಿದ್ದನ್ನು ಈಚೆಗೆ ಅಗೆದು ತೆಗೆದಿದ್ದಾರೆ.

ಗಿಮರಾಯ್ಶ್ ಚೆನ್ನಾಗಿದೆ, ದೇಶ ಹುಟ್ಟಿದ ಜಾಗ ಅಂತ ಗೋಡೆ ಮೇಲೆ ಬರೆದುಕೊಂಡಿದ್ದಾರೆ. ಆದರೆ ಅದು ಇನ್ನೂ ಉತ್ತರಕ್ಕಿರುವ ಪೋರ್ಟೊ ನಗರದಿಂದ ನೋಡುವ ಊರು. ಹತ್ತು ದಿನದಲ್ಲಿ ಅದನ್ನೂ ತುರುಕಿದರೆ ಅಪ್ಪ ಅಮ್ಮ ಸುಸ್ತಾಗುತ್ತಾರೆ. ಓಬಿಡುಶ್ ಎಂಬ ಇನ್ನೊಂದು ಹಳೇ ಊರಿನ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಫೋಟೊಗೆ ಸರಿ, ಆದರೆ ಹಗಲಿಡೀ ಟೂರಿಸ್ಟ್ ಬಸ್ಸುಗಳೇ.

ದಿನ ಹಂಚುವುದು ಹೀಗೆ: ಲಿಸ್ಬನ್ ಮೂರು ರಾತ್ರಿ, ಎವೊರಾ ಎರಡು, ತೊಮಾರ್ ಎರಡು, ಕೊಯಿಂಬ್ರಾ ಎರಡು. ಎವೊರಾ ಪೂರ್ವಕ್ಕಿದೆ, ಹಾಗಾಗಿ ಅಲ್ಲಿಂದ ಲಿಸ್ಬನ್‌ಗೆ ವಾಪಸ್ ಬಂದು ಉತ್ತರಕ್ಕೆ ಹೋಗಬೇಕು. ಕೊನೆಗೆ ಪೋರ್ಟೊದಿಂದಲೇ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸಿದರೆ ಮತ್ತೆ ಲಿಸ್ಬನ್‌ಗೆ ಇಳಿಯುವ ಕೆಲಸ ಇಲ್ಲ. 65 ದಾಟಿದವರಿಗೆ ಅಲ್ಲಿನ ರೈಲಿನಲ್ಲಿ ಅರ್ಧ ದರ, ವಿದೇಶಿಯರಿಗೂ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಬೀದಿಗಳೆಲ್ಲ ಚಿಕ್ಕ ಕಲ್ಲು ಹಾಸಿದವು, ಒದ್ದೆಯಾದರೆ ಜಾರುತ್ತವೆ. ದೊಡ್ಡ ಸೂಟ್‌ಕೇಸ್ ಬೇಡ.

ಊಟದ ಬಗ್ಗೆ ಎರಡು ಮಾತು. ಕೂತ ತಕ್ಷಣ ಬ್ರೆಡ್, ಆಲಿವ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ, ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಸ್ಯಾಹಾರಿಗಳಾದರೆ ಕಾಲ್ಡೊ ವೆರ್ಡೆ ಎಂಬ ಸೊಪ್ಪಿನ ಸೂಪಿನಲ್ಲೂ ಸಾಸೇಜ್ ತುಂಡು ಇರುತ್ತದೆ, ಕೇಳಿ ನೋಡಿ. ಮಠಗಳಲ್ಲಿ ಹುಟ್ಟಿದ ಸಿಹಿತಿಂಡಿಗಳೆಲ್ಲ ಹೆಚ್ಚಾಗಿ ಮೊಟ್ಟೆಯ ಹಳದಿಯವೇ, ಕೆಲವಕ್ಕೆ ಹಂದಿ ಕೊಬ್ಬನ್ನೂ ಹಾಕುತ್ತಾರೆ. ಮೊಟ್ಟೆ ತಿನ್ನುವವರು ತೊಮಾರ್‌ನ ಫಾತಿಯಾಶ್ ತಿನ್ನಲೇಬೇಕು.

ಜುಲೈ ಒಂದೇ ನನಗೆ ಒಪ್ಪಿಗೆ ಇಲ್ಲದ ವಿಷಯ. ಎವೊರಾ ಕಡೆ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆಗುವುದಾದರೆ ಮೇ ಅಥವಾ ಅಕ್ಟೋಬರ್‌ಗೆ ಬದಲಿಸಿ. ಆಗದಿದ್ದರೆ ಬೆಳಿಗ್ಗೆ ಹನ್ನೊಂದರೊಳಗೆ ನೋಡಿ ಮುಗಿಸಿ, ಮಧ್ಯಾಹ್ನ ಎಸಿ ಇರುವ ರೂಮಿನಲ್ಲಿ ಮಲಗಿ, ಸಂಜೆ ಮತ್ತೆ ಹೊರಡಿ. ನಿಮ್ಮ ಜುಲೈ 2027ರದ್ದಾದರೆ ಮಾತ್ರ ಬದಲಿಸಬೇಡಿ. ತೊಮಾರ್‌ನಲ್ಲಿ ತಬುಲೈರುಶ್ ಹಬ್ಬ ನಾಲ್ಕು ವರ್ಷಕ್ಕೊಮ್ಮೆ, ಹಿಂದಿನದು 2023ರಲ್ಲಿ ಆಗಿತ್ತು. ಹುಡುಗಿಯರು ತಮ್ಮಷ್ಟೇ ಎತ್ತರದ ಬ್ರೆಡ್ಡು-ಹೂವಿನ ಗೋಪುರ ತಲೆ ಮೇಲೆ ಹೊತ್ತು ಮೆರವಣಿಗೆ ಹೋಗುತ್ತಾರೆ. ಆಗ ಊರಲ್ಲಿ ರೂಮ್ ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮುಂಚೆಯೇ ಬುಕ್ ಮಾಡಿ.