ಸೆಕೆಂಡ್ ಹ್ಯಾಂಡ್ ಜಿಪ್ಸಿ, 50 ದಾಟಿದರೆ ಕೆಳಗಿಂದ ಗೂಂ ಅನ್ನುತ್ತೆ. ಡಿಫರೆನ್ಷಿಯಲ್ ಬದಲಿಸಲಾ?

ಬೀದರ್‌ನಲ್ಲಿ ತಗೊಂಡ ಹಳೆ ಮಾರುತಿ ಜಿಪ್ಸಿ ಜೀಪು, ವೇಗ 50 ದಾಟಿದರೆ ಗೂಂ ಅನ್ನೋ ಸದ್ದು. ಮೆಕ್ಯಾನಿಕ್ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎಡ, ಬಲ ಚಕ್ರಕ್ಕೆ ಹಂಚೋ ಗೇರಿನ ಡಬ್ಬಿ) ಹೋಗಿದೆ ಅಂತಾನೆ. ಅದನ್ನಷ್ಟೇ ಬದಲಿಸಲಾ, ಟ್ರಾನ್ಸ್‌ಫರ್ ಕೇಸನ್ನೂ (ಆ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಡಬ್ಬಿ) ಬಿಚ್ಚಿಸಲಾ, ಇಲ್ಲ ಮಾರಿಬಿಡಲಾ ಅಂತ ಕೇಳಿದ್ದೀರಿ. ಬೀದರ್ ಅಂತ ಇರೋ ಕಡೆ ಹುಮನಾಬಾದ್ ಅಂತ ಬರೆದರೆ ಇದು ನನ್ನದೇ ಕಥೆ. ಓದಿ ನಗು ಬಂತು, ತಪ್ಪು ತಿಳ್ಕೋಬೇಡಿ. ನಗುವಷ್ಟು ದುಡ್ಡು ನಾನು ಆಗಲೇ ಕಳ್ಕೊಂಡಿದ್ದೇನೆ.

ನಮ್ಮ ಹೊಲ ಅಫಜಲಪುರದ ಕಡೆ. ಪೂರಾ ಎರೆ ಭೂಮಿ. ಒಂದು ಮಳೆ ಬಿದ್ದರೆ ಸಾಕು, ಬೈಕಿನ ಚಕ್ರ ನಾಲ್ಕು ಮಾರು ಹೋಗೋಷ್ಟರಲ್ಲಿ ಮಡ್‌ಗಾರ್ಡ್ ಒಳಗೆ ಮಣ್ಣು ಗಿಡಿದು ನಿಂತುಬಿಡುತ್ತೆ. ತೊಗರಿಗೆ ಎಣ್ಣೆ ಹೊಡೆಸೋ ಸಮಯಕ್ಕೇ ಹೊಲಕ್ಕೆ ಹೋಗೋಕೆ ಆಗಲ್ಲ. ಅದಕ್ಕೇ ಜಿಪ್ಸಿ ಹುಡುಕಿದೆ. ಹುಮನಾಬಾದ್‌ನಲ್ಲಿ ಒಂದು ಸಿಕ್ಕಿತು. ದಪ್ಪ ರಬ್ಬರ್ ಗುಂಡಿಯ ಮಡ್ ಟೈರ್ ಹಾಕಿದ್ದರು, ನೋಡೋಕೆ ಭಾರಿ ಇತ್ತು. ಅದನ್ನು ನೋಡಿಯೇ ನಾನು ಬಿದ್ದಿದ್ದು. ಊರೊಳಗೆ 30ರಲ್ಲಿ ಓಡಿಸಿ ನೋಡಿ ದುಡ್ಡು ಕೊಟ್ಟೆ. ಕಲಬುರಗಿಗೆ ಬರುವಾಗ ಹೈವೇ ಸಿಕ್ಕ ಮೇಲೆ ಶುರುವಾಯಿತು, ಗೂಂ... ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಳ್ಳೋಕೆ ನಿಲ್ಲಿಸಿದಾಗ ಕೆಳಗೆ ಬಗ್ಗಿ ನೋಡಿದೆ. ಏನು ನೋಡಬೇಕು ಅಂತಲೇ ಗೊತ್ತಿರಲಿಲ್ಲ. ಹಣ್ಣು ತಗೊಂಡು ಬಂದೆ.

ಗೆಳೆಯನೊಬ್ಬ ‘ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿರತ್ತೆ, ಹಾಕಿಸಿಬಿಡು’ ಅಂದ. ಶಾಫ್ಟ್ ಅಂದರೆ ಎಂಜಿನ್ ಕಡೆಯ ತಿರುಗುಬಲವನ್ನು ಡಿಫರೆನ್ಷಿಯಲ್ಲಿಗೆ ಒಯ್ಯೋ ಉದ್ದ ಕೊಳವೆ, ಕ್ರಾಸ್ ಅಂದರೆ ಅದು ಓರೆಯಲ್ಲೂ ತಿರುಗಲಿ ಅಂತ ತುದಿಯಲ್ಲಿರೋ ಕೀಲು. ನಾನು ವಿಡಿಯೋ ನೋಡಿ, ಸ್ಪ್ಯಾನರ್ ಸೆಟ್ ತಂದು, ನಾನೇ ಬಿಚ್ಚಿದೆ. ಮೇ ತಿಂಗಳು, 42 ಡಿಗ್ರಿ. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಗೋಣಿಚೀಲ ಹಾಸಿ ಮಲಗಿದರೂ ಬೆನ್ನು ಸುಡುತ್ತಿತ್ತು. ಹಿಂದಿನ ಶಾಫ್ಟ್ ಇಳಿಸಿದೆ. ಆ ಶಾಫ್ಟ್ ಎರಡು ತುಂಡು. ಒಂದು ಇನ್ನೊಂದರೊಳಗೆ ಹಲ್ಲುಹಲ್ಲಾಗಿ ಕೂತಿರುತ್ತೆ, ಗಾಡಿ ಕುಲುಕಿದಾಗ ಉದ್ದ ಗಿಡ್ಡ ಆಗಲಿ ಅಂತ. ಗ್ರೀಸ್ ಒಣಗಿತ್ತು. ತುಂಡು ಹೊರಗೆ ಎಳೆದೆ, ಸೀಮೆಎಣ್ಣೆಯಲ್ಲಿ ತೊಳೆದೆ, ಹೊಸ ಗ್ರೀಸ್ ತುಂಬಿದೆ, ವಾಪಸ್ ತೂರಿಸಿದೆ. ಎರಡೂ ಕ್ರಾಸ್ ಹೊಸದು ಹಾಕಿದೆ. ಸಂಜೆಗೆ ಮುಗಿಯಿತು. ಹೆಮ್ಮೆಯೋ ಹೆಮ್ಮೆ.

ತಪ್ಪಾಗಿದ್ದು ಇಲ್ಲೇ. ಇದನ್ನು ಉದ್ದಕ್ಕೆ ಹೇಳ್ತೀನಿ, ಬೇಜಾರಾದರೂ ಓದಿ. ಎಳೆಯೋ ಮುಂಚೆ ಎರಡು ತುಂಡಿನ ಮೇಲೂ ಒಂದು ಗೆರೆ ಹಾಕಬೇಕಿತ್ತು. ಬಿಳಿ ಬಣ್ಣ, ಚಾಕ್‌ಪೀಸ್, ಮೊಳೆಯಿಂದ ಗೀಚಿದರೂ ನಡೀತಿತ್ತು. ನಾನು ಹಾಕಲಿಲ್ಲ. ಹಲ್ಲು ಎಲ್ಲಾ ಒಂದೇ ಥರ ಇವೆ, ಎಲ್ಲಿ ಕೂತರೇನು ಅಂದುಕೊಂಡೆ. ಆದರೆ ಶಾಫ್ಟಿನ ಎರಡು ತುದಿಯಲ್ಲೂ ಕ್ರಾಸ್ ಹಿಡಿಯೋ ಎರಡೆರಡು ಕಿವಿ ಇರುತ್ತವಲ್ಲ, ಆ ಕಿವಿಗಳು ಒಂದೇ ಸಾಲಿಗೆ ಬರಬೇಕು. ಯಾಕೆ ಅಂದರೆ, ಕ್ರಾಸ್ ಓರೆಯಲ್ಲಿ ತಿರುಗುವಾಗ ಒಂದೇ ವೇಗ ದಾಟಿಸಲ್ಲ. ಒಂದು ಸುತ್ತಿಗೆ ಎರಡು ಸಲ ಮುಂದೆ ಜಗ್ಗುತ್ತೆ, ಎರಡು ಸಲ ಹಿಂದೆ ಬೀಳುತ್ತೆ. ಎರಡೂ ತುದಿಯ ಕಿವಿ ಒಂದೇ ಸಾಲಿನಲ್ಲಿದ್ದರೆ ಮುಂದಿನ ಕ್ರಾಸಿನ ಜಗ್ಗಾಟವನ್ನು ಹಿಂದಿನ ಕ್ರಾಸ್ ಸರಿದೂಗಿಸುತ್ತೆ. ನಾಲ್ಕು ಹಲ್ಲು ಆಚೆ ಕೂತರೆ ಸರಿದೂಗಲ್ಲ, ಜಗ್ಗಾಟ ಸೀದಾ ಗಾಡಿಗೆ ಹೋಗುತ್ತೆ. ಜಿಪ್ಸಿ 60ರಲ್ಲಿ ಓಡುವಾಗ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ 8 ಸುತ್ತು ಸುತ್ತುತ್ತೆ. ಶಾಫ್ಟ್ ಅದರ ಸುಮಾರು ನಾಲ್ಕು ಪಟ್ಟು, ಅಂದರೆ 30 ಸುತ್ತು. ಸುತ್ತು ಒಂದಕ್ಕೆ ಎರಡರಂತೆ ಸೆಕೆಂಡಿಗೆ 60 ಜಗ್ಗು. ಅದು ನಿಮಗೆ ಜಗ್ಗು ಅಂತ ಅನಿಸೋದೇ ಇಲ್ಲ. ಗೂಂ ಅಂತ ಕೇಳಿಸುತ್ತೆ, ಸೀಟಿನ ಕೆಳಗೆ ಜುಂ ಅನ್ನುತ್ತೆ.

ಒಂದು ಗೂಂ ಓಡಿಸೋಕೆ ಹೋಗಿ ಇನ್ನೊಂದು ತಂದಿಟ್ಟೆ. ಹಳೆ ಗೂಂ ಅಲ್ಲೇ ಇತ್ತು, ಅದರ ಮೇಲೆ ಹೊಸದು. ‘ಜಾಸ್ತಿ ಆಗಿದೆ ಅಂದರೆ ಒಳಗೇ ಏನೋ ಹೋಗಿದೆ’ ಅಂತ ರಿಂಗ್ ರೋಡ್ ಕಡೆಯ ಒಂದು ಗ್ಯಾರೇಜಿಗೆ ಒಯ್ದೆ. ಅವನು ಒಂದು ರೌಂಡ್ ಹೊಡೆದು ಬಂದು, ‘ಕ್ರೌನ್ ಪಿನಿಯನ್ ಹೋಗ್ಯಾದ್ರಿ’ (ಡಿಫರೆನ್ಷಿಯಲ್ ಒಳಗಿನ ದೊಡ್ಡ, ಸಣ್ಣ ಗೇರಿನ ಜೋಡಿ) ಅಂದ. ಥೇಟ್ ನಿಮ್ಮ ಮೆಕ್ಯಾನಿಕ್ ಥರ. ಆಯಿಲ್ ಪ್ಲಗ್ ಕೂಡ ಬಿಚ್ಚಿ ನೋಡಿರಲಿಲ್ಲ. ಹೈದರಾಬಾದಿನ ಗುಜರಿಯಿಂದ ಒಂದು ಸೆಟ್ ಬಸ್ಸಿಗೆ ಹಾಕಿಸಿಕೊಂಡೆ. ಕ್ರೌನ್ ಪಿನಿಯನ್ ಜೋಡಿ ಕೂರಿಸೋಕೆ ಶಿಮ್ (ತೆಳು ತಗಡಿನ ಬಳೆ) ಹಾಕಿ ಅಳತೆ ಹಿಡೀಬೇಕು, ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ಒರೆಸುತ್ತೆ ನೋಡಬೇಕು. ಅವನು ಕೈ ಅಂದಾಜಿನಲ್ಲಿ ಕೂರಿಸಿದ. ಈಗ ರೇಸ್ ಕೊಟ್ಟರೆ ಊಂಊಂ ಅಂತ ಮೂರನೇ ಸದ್ದು. ಎಲ್ಲಾ ಸೇರಿ 23,000 ಹೋಯಿತು. ಮುಂದಿನ ಮಾತು ಟ್ರಾನ್ಸ್‌ಫರ್ ಕೇಸ್ ಬಿಚ್ಚೋದು. ನೀವು ಈಗ ನಿಂತಿರೋ ಜಾಗವೇ ಅದು.

ಟ್ರಾನ್ಸ್‌ಫರ್ ಕೇಸ್ ಬಿಚ್ಚೋ ಮುಂಚೆ ಯಾರೋ ಒಬ್ಬ ಹಳೆ ಉಸ್ತಾದರ ಹತ್ತಿರ ಕಳಿಸಿದರು. ವಯಸ್ಸಾದವರು, ಬರೀ ಜೀಪು, ಜಿಪ್ಸಿ ಕೆಲಸ. ಗಾಡಿ ಓಡಿಸಲೇ ಇಲ್ಲ. ಟಾರ್ಚ್ ಹಿಡಿದು ಕೆಳಗೆ ನುಸುಳಿದರು. ಶಾಫ್ಟಿನ ಮುಂದಿನ ತುದಿಗೆ ಒಂದು ಬೆರಳು, ಹಿಂದಿನ ತುದಿಗೆ ಒಂದು ಬೆರಳು ಇಟ್ಟರು.

‘ಸಾಹೇಬ್ರ, ಇದರ ಕಿವಿ ಹಿಂಗದ, ಅದರ ಕಿವಿ ಹಂಗದ. ಬಿಚ್ಚಬೇಕಾದ್ರ ನಿಶಾನಿ ಹಾಕಿರಲಿಲ್ಲೇನ್ರಿ?’

‘ಇಲ್ರಿ ಉಸ್ತಾದ್.’

‘ಯಾರ್ ಬಿಚ್ಚಿದ್ದು?’

ನಾನೇ ಅಂತ ಹೇಳೋಕೆ ಸ್ವಲ್ಪ ಹೊತ್ತು ಹಿಡಿಯಿತು. ಶಾಫ್ಟ್ ಇಳಿಸಿ, ಸಾಲು ಹಿಡಿದು, ವಾಪಸ್ ಕಟ್ಟೋಕೆ ಅರ್ಧ ಗಂಟೆ. ಜುಂ ಅನ್ನೋದು ನಿಂತೇ ಹೋಯಿತು. ಹಳೆ ಕ್ರೌನ್ ಪಿನಿಯನ್ ಮನೆಯಲ್ಲಿ ಚೀಲದಲ್ಲಿ ಬಿದ್ದಿತ್ತು, ಪುಣ್ಯ. ತೋರಿಸಿದರೆ ‘ಇದಕ್ಕೇನಾಗ್ಯಾದ?’ ಅಂದರು. ಅದನ್ನೇ ಅಳತೆ ಹಿಡಿದು ವಾಪಸ್ ಹಾಕಿದರು. ಮೂರನೇ ಸದ್ದೂ ಹೋಯಿತು.

ಉಳಿದಿದ್ದು ಮೊದಲನೇ ಗೂಂ. ಅದಕ್ಕೆ ಉಸ್ತಾದರು ನನ್ನ ಕೈ ಹಿಡಿದು ಟೈರಿನ ಮೇಲೆ ಸವರಿಸಿದರು. ಮುಂದಕ್ಕೆ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಗರಗಸ. ಪ್ರತಿ ಗುಂಡಿಯೂ ಒಂದು ಕಡೆ ತಿಂದು, ಇನ್ನೊಂದು ಕಡೆ ಚೂಪಾಗಿ ನಿಂತಿತ್ತು. ಪಕ್ಕದಲ್ಲಿ ರಿಪೇರಿಗೆ ಬಂದಿದ್ದ ಇನ್ನೊಂದು ಜಿಪ್ಸಿಯ ನಾಲ್ಕು ಚಕ್ರ ಹಾಕಿಕೊಂಡು ಹೈವೇಗೆ ಹೋಗಿ ಬಂದೆವು. ಸದ್ದೇ ಇಲ್ಲ. ಹುಮನಾಬಾದಿನಿಂದ ಬರುವಾಗ ಕೇಳಿದ ಗೂಂ, ನಾನು ಮರುಳಾಗಿ ಗಾಡಿ ತಗೊಂಡ ಆ ಟೈರುಗಳದ್ದೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾವುದನ್ನು ಬದಲಿಸಲಿ ಅನ್ನೋದು ಆಮೇಲಿನ ಮಾತು. ಸದ್ದು ಎಲ್ಲಿಂದ ಬರ್ತಿದೆ ಅಂತ ನಿಮಗೂ ಗೊತ್ತಿಲ್ಲ, ನಿಮ್ಮ ಮೆಕ್ಯಾನಿಕ್‌ಗೂ ಗೊತ್ತಿಲ್ಲ. ಮಾರೋ ಮಾತಂತೂ ಸುಮ್ನೆ. ‘ಸದ್ದು ಬರುತ್ತೆ’ ಅಂತ ಹೇಳಿ ಮಾರಿದರೆ ಅರ್ಧ ರೇಟಿಗೆ ಕೇಳ್ತಾರೆ, ಹೇಳದೆ ಮಾರೋದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು.

ಮೊದಲು ಗಾಡಿ ತೊಳೆಸಿ. ತಮಾಷೆ ಅಲ್ಲ. ಚಕ್ರದ ರಿಮ್ಮಿನ ಒಳಮೈಗೆ ಎರೆ ಮಣ್ಣು ಮೆತ್ತಿ ಒಣಗಿದರೆ ಕಲ್ಲಾಗುತ್ತೆ, 60 ದಾಟಿದ ಮೇಲೆ ಸ್ಟೇರಿಂಗ್ ನಡುಗುತ್ತೆ. ಎಷ್ಟೋ ಜನ ಅದಕ್ಕೇ ಬೇರಿಂಗ್ ಬದಲಿಸಿದ್ದಾರೆ.

ಆಮೇಲೆ ಬೆಳಗ್ಗೆ ಬೇಗ, ಖಾಲಿ ರೋಡಿನಲ್ಲಿ 60ಕ್ಕೆ ಹೋಗಿ. ರೇಸ್ ಕೊಡಿ, ಬಿಡಿ, ಮತ್ತೆ ಕೊಡಿ. ಕ್ರೌನ್ ಪಿನಿಯನ್ ಸದ್ದು ಆದರೆ ಕೊಟ್ಟಾಗ ಒಂದು ರಾಗ, ಬಿಟ್ಟಾಗ ಇನ್ನೊಂದು. ಟೈರಿಗೂ ಚಕ್ರದ ಬೇರಿಂಗಿಗೂ ರೇಸಿನ ಹಂಗಿಲ್ಲ. ಅದೇ ವೇಗದಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಬೇಡಿ. ಸದ್ದು ಹಾಗೇ ಇದ್ದರೆ ಎಂಜಿನ್, ಕ್ಲಚ್ ಮೇಲಿನ ಅನುಮಾನ ಬಿಟ್ಟುಬಿಡಿ. ಡಾಂಬರಿನಿಂದ ಸಿಮೆಂಟ್ ರೋಡಿಗೆ ಹತ್ತಿದ ತಕ್ಷಣ ರಾಗ ಬದಲಾದರೆ ಟೈರ್. ಮೆಲ್ಲಗೆ ಎಡಕ್ಕೆ ಬಲಕ್ಕೆ ವಾಲಿಸಿ ನೋಡಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಬೀಳುತ್ತೆ, ಆಗ ಸದ್ದು ಜಾಸ್ತಿ ಆದರೆ ಬಲಗಡೆ ಬೇರಿಂಗ್ ಅನ್ನಿ. ಕ್ರಾಸ್ ಸವೆದಿದ್ದರೆ ಹೆಚ್ಚಾಗಿ ಗೂಂ ಅಲ್ಲ, ಗಾಡಿ ಎತ್ತುವಾಗ, ರಿವರ್ಸ್ ಹಾಕುವಾಗ ಟಣ್ ಅನ್ನುತ್ತೆ. ಒಣಗಿದ್ದರೆ ನಿಧಾನಕ್ಕೆ ಹೋಗುವಾಗ ಗುಬ್ಬಿ ಥರ ಚಿಂವ್ ಚಿಂವ್.

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋ ಇಂಥ ಗಾಡಿಗೇ ಅಂತ ಒಂದು ಪರೀಕ್ಷೆ ಇದೆ. ನಿಮ್ಮ ಜಿಪ್ಸಿಯ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸೋ ಹಬ್ (ಚಕ್ರವನ್ನು ಅದರ ಆಕ್ಸಲ್ಲಿಗೆ ಕೂಡಿಸೋ, ಬಿಡಿಸೋ ಬಿರಡೆ) ಇದ್ದರೆ, ಎರಡನ್ನೂ ಫ್ರೀಗೆ ತಂದು, ಹಿಂದಿನ ಚಕ್ರಕ್ಕಷ್ಟೇ ಬಲ ಹೋಗೋ ಟೂ ಎಚ್‌ನಲ್ಲಿ ಓಡಿಸಿ. ಆಗ ಮುಂದಿನ ಡಿಫರೆನ್ಷಿಯಲ್, ಮುಂದಿನ ಶಾಫ್ಟ್ ಸುಮ್ಮನೆ ನಿಂತಿರುತ್ತವೆ. ಸದ್ದು ಹೋದರೆ ಹಿಂದೆ ಏನನ್ನೂ ಮುಟ್ಟಬೇಡಿ, ತೊಂದರೆ ಮುಂದೆ ಇದೆ. ನಿಮ್ಮ ಮೆಕ್ಯಾನಿಕ್ ಯಾವ ಡಿಫರೆನ್ಷಿಯಲ್ ಹೋಗಿದೆ ಅಂದ, ಮುಂದಿನದಾ ಹಿಂದಿನದಾ? ನೀವು ಬರೆದಿಲ್ಲ. ಅವನೂ ಹೇಳಿರಲ್ಲ ಬಿಡಿ.

ಟ್ರಾನ್ಸ್‌ಫರ್ ಕೇಸ್ ಬಗ್ಗೆ ಒಂದು ಮಾತು. ಜಿಪ್ಸಿಯಲ್ಲಿ ಅದರೊಳಗೆ ಚೈನ್ ಇಲ್ಲ, ಬರೀ ಗೇರು. ಸ್ವಲ್ಪ ಗೊಣಗಾಟ ಅದರ ಹುಟ್ಟುಗುಣ, ಕಾರಿನಿಂದ ಬಂದವರಿಗೆ ಅದೇ ರೋಗದ ಥರ ಕೇಳಿಸುತ್ತೆ. ಮತ್ತೆ ದಯವಿಟ್ಟು ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರಕ್ಕೆ ಬಲ ಕೊಡೋ ಫೋರ್ ಎಚ್ ಹಾಕಿ ಸದ್ದು ಹುಡುಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು, ನಡುವೆ ಆ ವ್ಯತ್ಯಾಸ ನುಂಗೋ ಡಿಫರೆನ್ಷಿಯಲ್ ಈ ಗಾಡಿಯಲ್ಲಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತೆ, ಡಾಂಬರಿನಲ್ಲಿ ಗೇರು ತಿರುಚಿಕೊಂಡು ಕಟಕಟ ಅನ್ನುತ್ತೆ. ಇಲ್ಲದ ಸದ್ದು ನೀವೇ ಹುಟ್ಟಿಸಿದ ಹಾಗೆ.

ಇಷ್ಟಾದ ಮೇಲೂ ಡಿಫರೆನ್ಷಿಯಲ್ ಮೇಲೇ ಅನುಮಾನ ಇದ್ದರೆ, ಮಟ್ಟ ನೆಲದಲ್ಲಿ ನಿಲ್ಲಿಸಿ ಆಯಿಲ್ ತುಂಬೋ ಪ್ಲಗ್ ಬಿಚ್ಚಿಸಿ, ಬೆರಳು ಹಾಕಿ. ಆಯಿಲ್ ತೂತಿನ ಅಂಚಿನವರೆಗೆ ಇರಬೇಕು. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಹಳ್ಳ ದಾಟುವಾಗ ನೀರು ಹೋಗಿದೆ. ಕೆಳಗಿನಿಂದ ಆಯಿಲ್ ಇಳಿಸಿದಾಗ ಕಬ್ಬಿಣದ ಚೂರು ಬಂದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ. ಆಗ ಖರ್ಚು ಮಾಡಿ, ಬೇಡ ಅನ್ನಲ್ಲ.

ನಾನು ಹಬ್ಬಕ್ಕೆ ಟೈರ್ ಬದಲಿಸಿದೆ. ಟೂಲ್ ಬಾಕ್ಸಿನಲ್ಲಿ ಈಗ ಒಂದು ಸಣ್ಣ ಡಬ್ಬಿ ಬಿಳಿ ಪೇಂಟ್ ಇದೆ, ಮಗಳ ಡ್ರಾಯಿಂಗ್ ಬ್ರಷ್ ಜೊತೆ. ನೀವು ನಾಳೆ ಟೂ ಎಚ್‌ನಲ್ಲೇ ಹಬ್ ಫ್ರೀ ಮಾಡಿ ಒಂದು ಸಲ, ಲಾಕ್ ಮಾಡಿ ಒಂದು ಸಲ ಓಡಿಸಿ. ಟೈರಿನ ಮೇಲೆ ಎರಡೂ ಕಡೆಗೆ ಕೈ ಸವರಿ. ಏನು ವ್ಯತ್ಯಾಸ ಆಯಿತು ಅಂತ ಇಲ್ಲೇ ಬರೆಯಿರಿ, ನೋಡೋಣ. ಅಲ್ಲಿವರೆಗೆ ಆ ಮೆಕ್ಯಾನಿಕ್‌ಗೆ ಅಡ್ವಾನ್ಸ್ ಕೊಡಬೇಡಿ.