ಸುರಂಗದ ಲೆಕ್ಕ ತೆಗೆಸ್ಬೇಡಿ ಮೇಡಂ

ಮೇಡಂ, ನಮ್ ಪತ್ರಿಕೆಗೆ ನೀವು ಕಳ್ಸಿದ ಪತ್ರ, ಜೊತೆಗಿದ್ದ ಕಥೆ ಎರಡೂ ಸಿಕ್ತು. ಸೆಕೆಂಡ್ ಇಯರ್ ಡಿಗ್ರಿ ಓದ್ತಿರೋ, ಆಟಿಸಂ (ಹುಟ್ಟಿನಿಂದ್ಲೇ ಜನರ ಜೊತೆ ಬೆರೆಯೋ, ಮಾತಾಡೋ ರೀತಿ ಬೇರೆ ಇರೋ ಸ್ಥಿತಿ) ಇರೋ ನಿಮ್ ಸ್ಟೂಡೆಂಟ್ ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ಘಾಟಿ ರೈಲಿನ ಬಗ್ಗೆ ಆರು ಪುಟ ಬರ್ದಿದಾನೆ, ಬರೀ ಸುರಂಗ ಸೇತುವೆ ಲೆಕ್ಕ, ಭಾವನೆನೇ ಇಲ್ಲ, ತಿದ್ದಿಸ್ಲಾ ಅಂತ ಕೇಳಿದೀರಿ. ದಯವಿಟ್ಟು ಬೇಡ.

ಮೊದಲ್ನೇ ಸಲ ಓದ್ದಾಗ ನನಗೂ ಲೆಕ್ಕನೇ ಕಂಡಿದ್ದು. ಎರಡನೇ ಸಲ ಐದನೇ ಪುಟದಲ್ಲಿ ನಿಂತ್ಬಿಟ್ಟೆ. ಅಜ್ಜನ ತಿಥಿ ಮುಗಿಸ್ಕೊಂಡು ವಾಪಸ್ ಬರುವಾಗ "ಇವತ್ತು ಎಣಿಕೆ ತಪ್ಪಿತು, ರೈಲು ಹಿಂದೆ ಹೋಗುವುದಿಲ್ಲ" ಅಂತ ಬರೀತಾನಲ್ಲ, ಅಷ್ಟೇ, ಅಳು ಇಲ್ಲ ಏನಿಲ್ಲ, ಆದ್ರೆ ಅಲ್ಲೀತನಕ ಒಂದು ಸುರಂಗನೂ ಬಿಡ್ದೆ ಎಣಿಸಿದ್ದಕ್ಕೇ ಆ ಸಾಲಿಗೆ ಅಷ್ಟು ತೂಕ ಬಂದಿರೋದು. ಲೆಕ್ಕ ತೆಗೆದ್ರೆ ಅಜ್ಜನೂ ಹೋಗ್ತಾರೆ ಮೇಡಂ.

ಆಟಿಸಂ ಇರೋರಿಗೆ ಬೇರೆಯವ್ರ ಮನಸ್ಸು ತಿಳಿಯಲ್ಲ ಅನ್ನೋ ಮಾತು ನಿಮ್ ಪತ್ರದಲ್ಲೂ ಇದೆ. 1985ರಲ್ಲಿ ಮನಃಶಾಸ್ತ್ರಜ್ಞ ಬ್ಯಾರನ್-ಕೋಹೆನ್ ಮತ್ತವರ ಜೊತೆಯವ್ರು ಮಾಡಿದ ಗೊಂಬೆ ಪರೀಕ್ಷೆಯಿಂದ ಅದು ಬಹಳ ಹರಡ್ತು. ಒಂದು ಗೊಂಬೆ ಗೋಲಿ ಇಟ್ಟು ಆಚೆ ಹೋಗುತ್ತೆ, ಇನ್ನೊಂದು ಆ ಗೋಲಿ ಜಾಗ ಬದಲಾಯಿಸುತ್ತೆ, ಮೊದಲ್ನೇದು ಬಂದು ಎಲ್ಲಿ ಹುಡುಕುತ್ತೆ? ತಾನು ಇಟ್ಟ ಜಾಗದಲ್ಲೇ ಅನ್ನೋದು ಸರಿ ಉತ್ತರ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಜನ ತಪ್ಪು ಹೇಳಿದ್ರು. ಇಷ್ಟರ ಮೇಲೆ ಒಬ್ಬ ಕಾಲೇಜ್ ಹುಡುಗನ ಕಥೆ ಅಳೆಯೋದು ಅನ್ಯಾಯ. 2012ರಲ್ಲಿ ಡೇಮಿಯನ್ ಮಿಲ್ಟನ್, ಅವ್ರೇ ಆಟಿಸಂ ಇರೋ ಸಂಶೋಧಕರು, ಅರ್ಥ ಆಗದೇ ಇರೋದು ಎರಡೂ ಕಡೆಯಿಂದ, ಆಟಿಸಂ ಇಲ್ಲದವ್ರಿಗೂ ಇವ್ರ ಮನಸ್ಸು ತಿಳಿಯಲ್ಲ ಅಂದ್ರು. ನಾನು ಮೊದಲ್ನೇ ಸಲ ಓದಿದ್ದು ಅದಕ್ಕೆ ಸಾಕ್ಷಿ. ಉತ್ತರ ಐರ್ಲೆಂಡಿನ ದಾರಾ ಮ್ಯಾಕನಲ್ಟಿ ಕೂಡ ಆಟಿಸಂ ಇರೋ ಹುಡುಗ, ಹಕ್ಕಿ ಹುಳ ಗಿಡ ನೋಡಿ ಬರ್ದ ಡೈರಿ 2020ರಲ್ಲಿ ಪುಸ್ತಕ ಆದಾಗ ಅವನಿಗೆ 16 ವರ್ಷ, ಅದೇ ವರ್ಷ ಪ್ರಕೃತಿ ಬರಹಕ್ಕೆ ಕೊಡೋ ವೇನ್‌ರೈಟ್ ಪ್ರಶಸ್ತಿನೂ ಬಂತು. ಅಲ್ಲೂ ಪ್ರೀತಿ ಎಲ್ಲ ಆ ವಿವರದಲ್ಲೇ ಇರೋದು.

ಕ್ಲಾಸಲ್ಲಿ "ಏನಾದ್ರೂ ಬರೀರಿ" ಅನ್ನೋ ಬದ್ಲು ಒಂದು ಖಚಿತ ವಿಷಯ ಕೊಡಿ, ಅದನ್ನ ಬರೆದು ಕೊಡಿ. ಎಲ್ಲರ ಮುಂದೆ ಓದು ಅಂತ ಬಲವಂತ ಬೇಡ. "ಇನ್ನೂ ಭಾವ ಬೇಕು" ಅಂತ ಷರಾ ಹಾಕಿದ್ರೆ ಅವನು ಏನ್ ಮಾಡ್ಬೇಕು ಹೇಳಿ? ಅಜ್ಜ ಯಾವ ಕಿಟಕಿ ಹತ್ರ ಕೂತಿದ್ರು, ಸುರಂಗದೊಳಗೆ ಮಾತಾಡ್ತಿದ್ರಾ, ಇಂಥದ್ದು ಕೇಳಿ, ಉತ್ತರಕ್ಕೆ ಟೈಮ್ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಪರೀಕ್ಷೆಲಿ ಹೆಚ್ಚಿನ ಟೈಮ್ ಕೊಡೋ ಮಾತೂ ಇದೆ, ಪ್ರಿನ್ಸಿಪಾಲ್ ಹತ್ರ ಅದನ್ನೂ ಮಾತಾಡಿ.

ಕಥೆ ನಾವು ಹಾಕ್ತೀವಿ, ಆರೂ ಪುಟ. ಅವನನ್ನ ಒಂದ್ಮಾತು ಕೇಳಿ ತಿಳಿಸಿ, ಹೆಸರು ಹಾಕ್ಬೇಕಾ, ಆಟಿಸಂ ವಿಷಯ ಬರೀಬೇಕಾ ಬೇಡ್ವಾ ಅಂತ. ಬೇಡ ಅಂದ್ರೆ ಬರೀ ಕಥೆ ಮಾತ್ರ ಇರುತ್ತೆ.